ಓಮ್ ಲೆಕ್ಕಕ್ಕೆ ಸಿಗದ್ದು

ಮಾರ್ಚ್ 4, ಮಂಗಳವಾರ. ಫುಲರ್ಟನ್, ಕ್ಯಾಲಿಫೋರ್ನಿಯಾ

ಬೆಂಚಿನ ಮೇಲೆ ಎರಡು ಹಳೇ ಫೆಂಡರ್ ಪಿಕಪ್, ಬಾಸ್ ಗಿಟಾರಿನ ತಂತಿಯ ಅದುರಾಟವನ್ನು ವಿದ್ಯುತ್ತಾಗಿಸುವ ಕಾಯಿಲ್‌ಗಳು. ಒಂದು ಪ್ರಿಸಿಷನ್ ಬಾಸ್‌ನದು, ಇನ್ನೊಂದು ಜಾಝ್ ಬಾಸ್‌ನದು. ಎರಡೂ ಅರವತ್ತರ ದಶಕದ ಆರಂಭದವು, ಎರಡೂ ಹುಟ್ಟಿದ್ದು ಇದೇ ಊರಲ್ಲಿ. ಗಿರಾಕಿ ಚೀಟಿ ಬರೆದಿಟ್ಟು ಹೋಗಿದ್ದಾನೆ: ಯಾವುದು ಎಷ್ಟು ಓಮ್ ಇದೆ, ಯಾವುದು ಜೋರು?

ಕವರ್ ತೆಗೆದರೆ ಎರಡೂ ಒಂದೇ ಮನೆತನದವೆಂದು ಗೊತ್ತಾಗುತ್ತದೆ. ಮೇಲೊಂದು ಕೆಳಗೊಂದು ಕಪ್ಪು ಫೈಬರ್ ಹಾಳೆ, ನಡುವೆ ಒತ್ತಿ ಕೂರಿಸಿದ ಆಲ್ನಿಕೊ ಸರಳುಗಳು, ಆ ಸರಳುಗಳ ಮೈಗೇ ಸುತ್ತಿದ 42 ಗೇಜ್ ತಾಮ್ರದ ವೈರು. ಅದರ ದಪ್ಪ ಸುಮಾರು 0.063 ಮಿಲಿಮೀಟರ್, ಉಸಿರು ಬಿಗಿಹಿಡಿದೇ ಬಿಚ್ಚಬೇಕು. ಬೇರೆ ಬಾಬಿನ್ ಅಂತ ಇಲ್ಲ, ಅಯಸ್ಕಾಂತಗಳೇ ಬಾಬಿನ್ನು. ವೈರಿಗೂ ಅಯಸ್ಕಾಂತಕ್ಕೂ ನಡುವೆ ತೆಳ್ಳಗಿನ ಲ್ಯಾಕರ್ ಮಾತ್ರ. ಬೆವರು ಒಳಗಿಳಿದರೆ ಸರಳು ತುಕ್ಕು ಹಿಡಿದು ಪಕ್ಕದ ಸುತ್ತನ್ನೇ ತಿನ್ನುತ್ತದೆ. ಲಿಯೋ ಫೆಂಡರ್ ರೇಡಿಯೋ ರಿಪೇರಿಯಿಂದ ಬಂದವನು. ಕಡಿಮೆ ಭಾಗ, ಬೇಗ ಆಗುವ ಕೆಲಸ, ಬಿಚ್ಚಿ ಸರಿಮಾಡಲು ಸಲೀಸು, ಇದೇ ಅವನ ದಾರಿ. ಅರವತ್ತು ವರ್ಷ ಬಾಳಬೇಕೆಂದು ಅವನೇನೂ ಇದನ್ನು ಮಾಡಿರಲಾರ.

ಜಾಝ್‌ನ ಕಾಯಿಲ್ ಉದ್ದ, ಸಪೂರ. ಎಂಟು ಸರಳು ಒಂದೇ ಸಾಲಿನಲ್ಲಿ. ಮೀಟರಿನಲ್ಲಿ ಏಳು ಕಿಲೋ ಓಮ್ ದಾಟಿತು. ಪ್ರಿಸಿಷನ್‌ನದು ಗಿಡ್ಡ, ದಪ್ಪ, ಎರಡು ತುಂಡು, ತುಂಡಿಗೆ ನಾಲ್ಕು ಸರಳು. ಒಂದು ತುಂಡು ಐದು ಕಿಲೋ ಓಮ್ ಚಿಲ್ಲರೆ ತೋರಿಸಿತು. ಇನ್ನೊಂದು ಏನೂ ಇಲ್ಲ. ಒಳಗೆಲ್ಲೋ ಕಡಿದಿದೆ.

ಮಾರ್ಚ್ 6, ಗುರುವಾರ

ರಾತ್ರಿ ಅಪ್ಪನ ಫೋನ್. ತಿಪಟೂರಲ್ಲಿ ಆಗಲೇ ಬೆಳಗಾಗಿ, ಅಂಗಡಿಯಲ್ಲಿ ಯಾರದೋ ಪಂಪ್‌ಸೆಟ್ ಮೋಟರ್ ವೈಂಡಿಂಗ್ ಬಿಚ್ಚುತ್ತಾ ಕೂತಿದ್ದರು. ಗಿರಾಕಿಯ ಪ್ರಶ್ನೆ ಹೇಳಿದೆ. ನಕ್ಕರು. "ಓಮ್ಸ್ ನೋಡ್ಕೊಂಡು ಯಾರಾದ್ರೂ ಮೋಟರ್ ತಗೊಳ್ತಾರೇನೋ? ವೈರು ಬದುಕಿದೆಯೋ ಸತ್ತಿದೆಯೋ ಅಂತ ಮೀಟರ್ ಹೇಳುತ್ತೆ. ಅಷ್ಟೇ."

ಹಳೇ ಪಿಕಪ್ ಕೊಳ್ಳುವವರೆಲ್ಲ ಅಪ್ಪನ ಮುಂದೆ ಒಂದು ಗಂಟೆ ಕೂತರೆ ಸಾಕು. ಅಷ್ಟೇ ಸುತ್ತುಗಳನ್ನು 42ರ ಬದಲು 43 ಗೇಜಿನಲ್ಲಿ ಹಾಕಿ, ಓಮ್ ಏರುತ್ತದೆ, ದನಿ ಏರುವುದಿಲ್ಲ. ತಾಮ್ರದ ರೋಧ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ನೂರಕ್ಕೆ 0.4ರಂತೆ ಏರುತ್ತದೆ, ತಣ್ಣನೆ ಬೆಳಿಗ್ಗೆ 10.5 ಕಿಲೋ ಓಮ್ ತೋರಿಸಿದ ಪಿಕಪ್, ಕೋಣೆ ಹತ್ತು ಡಿಗ್ರಿ ಬೆಚ್ಚಗಾದ ಮಧ್ಯಾಹ್ನ 10.9 ತೋರಿಸುತ್ತದೆ. ಮಾರುವವರು ಯಾವ ಹೊತ್ತಿನಲ್ಲಿ ಅಳೆಯುತ್ತಾರೋ!

ಮಾರ್ಚ್ 9, ಭಾನುವಾರ

ಗೆಳೆಯನ ಅಂಗಡಿಯಲ್ಲಿ ಗಿಬ್ಸನ್ ಇಬಿ-0 ಬಾಸ್ ಒಂದನ್ನು ಬಿಚ್ಚಿಟ್ಟಿದ್ದರು. ಓಮ್ ಭಕ್ತರಿಗೆ ಇದರ ಪಿಕಪ್ಪನ್ನೇ ತೋರಿಸಬೇಕು. ಸುಮಾರು ಮೂವತ್ತು ಕಿಲೋ ಓಮ್, ಅಂದರೆ ಪ್ರಿಸಿಷನ್‌ನ ಎರಡೂ ತುಂಡು ಸೇರಿದ್ದರ ಮೂರರಷ್ಟು. ದನಿಯೋ ಮಂದ, ಗಾಢ; ಆಟಗಾರರು ಇದನ್ನು ಮಡ್‌ಬಕರ್ ಎನ್ನುವುದು ಸುಮ್ಮನೆ ಅಲ್ಲ. ಎರಡು ಕಾಯಿಲ್‌ಗಳು ಮಗ್ಗುಲಾಗಿ ಮಲಗಿವೆ, ನಡುವೆ ಉಕ್ಕಿನ ತಿರುಪುಗಳ ಒಂದೇ ಸಾಲು. ಸುತ್ತು ವಿಪರೀತ, ಹಾಗಾಗಿ ಇಂಡಕ್ಟೆನ್ಸೂ ವಿಪರೀತ; ಮೇಲಿನ ಸ್ವರಾಂಶಗಳೆಲ್ಲ ಅಲ್ಲೇ ಮುಳುಗುತ್ತವೆ. ಸಾಲದ್ದಕ್ಕೆ ಅದನ್ನು ಕೂರಿಸಿರುವುದು ಕುತ್ತಿಗೆಯ ಬುಡದಲ್ಲಿ. ಇದೇ ಪಿಕಪ್ ಇದ್ದ ಇಬಿ-3ರಲ್ಲಿ ಜ್ಯಾಕ್ ಬ್ರೂಸ್ ಕ್ರೀಮ್ ತಂಡವನ್ನು ಹೊತ್ತು ನಡೆದ ಎನ್ನುವುದು ಬೆರಳಿನ ಪವಾಡ.

ರಿಕನ್‌ಬ್ಯಾಕರ್ 4000ದ ಪಿಕಪ್ ಬೇರೆಯದೇ ಲೋಕ. ಲಾಳದಾಕಾರದ ಅಯಸ್ಕಾಂತಗಳು ತಂತಿಗಳ ಮೇಲೆ ಕಮಾನು ಕಟ್ಟುತ್ತವೆ. ತಂತಿ ಅಯಸ್ಕಾಂತದ ಒಳಗಿನಿಂದಲೇ ಹಾಯುತ್ತದೆ. ಮೂವತ್ತರ ದಶಕದಲ್ಲಿ ಜಾರ್ಜ್ ಬೋಚಾಂಪ್ ತೊಡೆಯ ಮೇಲೆ ನುಡಿಸುವ ಸ್ಟೀಲ್ ಗಿಟಾರಿಗೆ ಮಾಡಿದ್ದನ್ನೇ 1957ರಲ್ಲಿ ಬಾಸಿಗೆ ಏರಿಸಿದರು. ನೋಡಲು ಬಲು ಚೆಂದ, ನುಡಿಸುವವನ ಅಂಗೈಗೆ ಅಡ್ಡಿ.

ಮಾರ್ಚ್ 12, ಬುಧವಾರ

1951ರ ಮೊದಲ ಪ್ರಿಸಿಷನ್‌ನಲ್ಲಿ ತಂತಿಗೊಂದೇ ಸರಳು, ನೇರ ಅದರ ಕೆಳಗೆ. ಮೀಟಿದ ಕ್ಷಣ ತಂತಿ ಅಯಸ್ಕಾಂತದ ನೆತ್ತಿಯ ಮೇಲೆಯೇ ಓಡಾಡುತ್ತದೆ, ಪೆಟ್ಟು ಚೂಪಾಗಿ ಬರುತ್ತದೆ. 1957ರಲ್ಲಿ ಪಿಕಪ್ಪನ್ನು ಎರಡು ತುಂಡು ಮಾಡಿದಾಗ ತಂತಿಯ ಆಚೆಗೊಂದು ಈಚೆಗೊಂದು ಸರಳು ಬಂತು. ಪೆಟ್ಟು ದುಂಡಗಾಯಿತು. ಎರಡು ತುಂಡುಗಳಿಗೆ ಒಂದಕ್ಕೊಂದು ಎದುರಾದ ಧ್ರುವ, ಎದುರಾದ ಸುತ್ತು. ಹೊರಗಿಂದ ಬರುವ ಗುಂಯ್‌ಗುಡುವಿಕೆ ಪರಸ್ಪರ ಅಳಿಸಿಹೋಗುತ್ತದೆ. ಪ್ರತಿ ತಂತಿಯನ್ನು ಕೇಳುವುದು ಒಂದೇ ತುಂಡಾದ್ದರಿಂದ ಸ್ವರಕ್ಕೆ ಏನೂ ಆಗುವುದಿಲ್ಲ. ಬಾಸ್ ಪಿಕಪ್ಪಿನ ಇತಿಹಾಸದಲ್ಲಿ ಇದಕ್ಕಿಂತ ಜಾಣ ಬದಲಾವಣೆ ನನಗೆ ಕಾಣದು. ಜಾಝ್‌ನಲ್ಲಿ ಗುಂಯ್ ಹೋಗಬೇಕಾದರೆ ಎರಡೂ ಪಿಕಪ್ಪಿನ ವಾಲ್ಯೂಮ್ ಸಮ ಇರಬೇಕು; ಒಂದನ್ನು ಇಳಿಸಿದರೆ ಅದು ಮತ್ತೆ ಹಾಜರ್.

ಕೈಯಲ್ಲಿ ಸುತ್ತಿದ ಪಿಕಪ್ಪಿನ ಮಹಿಮೆಯೂ ಈಗ ಹೆಚ್ಚು ಕೇಳಿಬರುತ್ತದೆ. ಫೆಂಡರ್ ಕಾರ್ಖಾನೆಯಲ್ಲಿ ಯಂತ್ರ ತಿರುಗುತ್ತಿತ್ತು, ವೈರನ್ನು ಬೆರಳಲ್ಲಿ ಹಿಡಿದು ನಡೆಸಿದವರು ಹೆಂಗಸರು. 1956ರಲ್ಲಿ ಕೆಲಸಕ್ಕೆ ಸೇರಿದ ಅಬಿಗೇಲ್ ಇಬಾರಾ ಹೆಸರು ಲೋಕಕ್ಕೆಲ್ಲ ಗೊತ್ತು, ಜೊತೆಗೆ ಕೂತವರದು ಹೆಚ್ಚಾಗಿ ಗೊತ್ತಿಲ್ಲ. ಸುತ್ತು ಅಡ್ಡಾದಿಡ್ಡಿ ಬಿದ್ದರೆ ಸುತ್ತುಗಳ ನಡುವಿನ ಕ್ಯಾಪಾಸಿಟೆನ್ಸ್ ತುಸು ಇಳಿಯುತ್ತದೆ, ನಿಜ. ಆದರೆ ಬಾಸಿನಲ್ಲಿ ಅದಕ್ಕಿಂತ ತಂತಿಯ ಮಾತು ದೊಡ್ಡದು. ಬಾಸ್ ವಾದಕ ಜೇಮ್ಸ್ ಜೇಮರ್ಸನ್ ತನ್ನ 1962ರ ಪ್ರಿಸಿಷನ್‌ಗೆ ದಪ್ಪನೆಯ ಫ್ಲಾಟ್‌ವೌಂಡ್ ತಂತಿ ಹಾಕಿ, ಬದಲಿಸುವ ಗೋಜಿಗೇ ಹೋಗುತ್ತಿರಲಿಲ್ಲ. ಅವನ ದನಿ ಬೇಕೆಂದು ಹಳೇ ಪಿಕಪ್ಪಿಗೆ ದುಡ್ಡು ಸುರಿದು, ತಿಂಗಳಿಗೊಮ್ಮೆ ಹೊಳೆಯುವ ಹೊಸ ತಂತಿ ಏರಿಸುವವರನ್ನು ಕಂಡಿದ್ದೇನೆ.

ಮಾರ್ಚ್ 15, ಶನಿವಾರ

ಗಿರಾಕಿ ಬಂದಿದ್ದ. ಸತ್ತ ತುಂಡಿಗೆ ಹೊಸ ವೈರು ಹಾಕುವಾಗ "ಒಂದಷ್ಟು ಜಾಸ್ತಿ ಸುತ್ತಿಬಿಡಿ" ಅಂದ. ಆಗುವುದಿಲ್ಲ ಅಂದೆ. ಜಾಸ್ತಿ ಸುತ್ತಿದರೆ ಎರಡು ತಂತಿ ಒಂದು ದನಿ, ಇನ್ನೆರಡು ಇನ್ನೊಂದು. ಗುಂಯ್ ಪೂರ್ತಿ ಅಳಿಯುವುದೂ ಇಲ್ಲ. ಬದುಕಿರುವ ತುಂಡನ್ನು ಎಲ್‌ಸಿಆರ್ ಮೀಟರಿಗೆ ಹಾಕಿ ಇಂಡಕ್ಟೆನ್ಸ್ ಬರೆದುಕೊಂಡಿದ್ದೇನೆ. ಹೊಸದನ್ನು ಅದಕ್ಕೆ ಹೊಂದಿಸುವುದು, ಓಮ್ ಎಷ್ಟು ಬರುತ್ತದೋ ಬರಲಿ. ತುಕ್ಕು ಹಿಡಿದ ಸರಳುಗಳನ್ನು ಉಜ್ಜಿ ಲ್ಯಾಕರ್ ಬಳಿದಾಯಿತು. ದಿಕ್ಸೂಚಿ ಇಟ್ಟು ಧ್ರುವ ಗುರುತು ಹಾಕಿದೆ. ಸುತ್ತುವ ದಿಕ್ಕನ್ನು ಬಾಣ ಬರೆದು ಯಂತ್ರಕ್ಕೆ ಅಂಟಿಸಿದ್ದೇನೆ. ಲ್ಯಾಕರ್ ನಾಳೆಗೆ ಒಣಗುತ್ತದೆ.