ಗುಡ್ಡೆಯ ನೀರಿನ ನಕ್ಷೆ

ನಲವತ್ತೊಂಬತ್ತನೇ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾದೆ. ಹಗಲು ಏಳನೇ ತರಗತಿಯವರಿಗೆ "ಹೋಂವರ್ಕ್ ಎಲ್ಲಿ?" ಅಂತ ಗದರಿಸುವ ನಾನು, ರಾತ್ರಿ ನನ್ನದೇ ಹೋಂವರ್ಕ್ ಮುಗಿಯದೆ ಕಂಪ್ಯೂಟರ್ ಮುಂದೆ ತಲೆ ಕೆರೆದುಕೊಳ್ಳುತ್ತಿದ್ದೆ! ಸೇರಿದ್ದು ಪರ್ಮಾಕಲ್ಚರ್ ಕೋರ್ಸಿಗೆ. ಆಸ್ಟ್ರೇಲಿಯಾದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ 1978ರಲ್ಲಿ ಪುಸ್ತಕವಾಗಿ ಹೊರತಂದ ವಿಚಾರ ಅದು. ಮಣ್ಣು, ನೀರು, ಮರ, ಮನೆ ಎಲ್ಲ ಕಾಡಿನಲ್ಲಿರುವ ಹಾಗೆ ಒಂದಕ್ಕೊಂದು ಆಸರೆಯಾಗುವಂತೆ ಜೋಡಿಸುವುದು. ಒಟ್ಟು 72 ಗಂಟೆಯ ಪಾಠ.

ಮೊದಲ ಅಭ್ಯಾಸ ಇದು: ನಿಮ್ಮ ಜಾಗದಲ್ಲಿ ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಗೆ ಹೋಗುತ್ತದೆ? ನಕ್ಷೆ ಬರೆಯಿರಿ.

ಲೆಕ್ಕ ಸುಲಭವೇ. 100 ಚದರ ಮೀಟರ್ ಮಾಡಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 100 ಲೀಟರ್. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ. ಅಂದರೆ ಅಷ್ಟು ಸಣ್ಣ ಮಾಡಿನ ಮೇಲೆ ಬೀಳುವುದೇ 3 ಲಕ್ಷ ಲೀಟರ್. ಆದರೂ ಏಪ್ರಿಲ್ ಬಂತೆಂದರೆ ನಮಗೆ ನೀರಿಲ್ಲ.

ಗುಡ್ಡೆ ಬರೆದೆ, ತೋಟ ಬರೆದೆ, ಬೋರ್‌ವೆಲ್ ಬರೆದೆ. ಗುಡ್ಡೆಯ ಬುಡಕ್ಕೆ ಬಂದಾಗ ಕೈ ನಿಂತಿತು. ಅಲ್ಲಿ ನಮ್ಮ ಸುರಂಗ ಇದೆ. ಅಜ್ಜನ ಕಾಲದಲ್ಲಿ ಒಬ್ಬ ಮನುಷ್ಯ ಹೋಗುವಷ್ಟೇ ಅಗಲಕ್ಕೆ ಮುರಕಲ್ಲು ಕೊರೆದು ಅಡ್ಡಕ್ಕೆ ತೋಡಿದ್ದು. ಪಂಪು ಬೇಡ, ಕರೆಂಟು ಬೇಡ. ಗುಡ್ಡೆ ಕುಡಿದ ಮಳೆನೀರು ತಾನಾಗಿ ಇಳಿದು, ಅಡಿಕೆ ಮರದ ದಂಬೆಯಲ್ಲಿ ಅಂಗಳಕ್ಕೆ ಬರುತ್ತಿತ್ತು. ಬೋರ್‌ವೆಲ್ ತೆಗೆಸಿದ ಮೇಲೆ ನಾನು ಆ ಕಡೆ ತಿರುಗಿಯೂ ನೋಡಲಿಲ್ಲ. ಮಣ್ಣು ಜರಿದು ಬಾಯಿ ಅರ್ಧ ಮುಚ್ಚಿತ್ತು. "ಅದರ ಮಣ್ಣು ತೆಗೆಸು ಮಗಾ" ಅಂತ ಅಪ್ಪ ಎರಡು ಸಲ ಹೇಳಿದ್ದರು. "ನೋಡುವ ಅಪ್ಪ" ಅಂದಿದ್ದೆ. ಅಪ್ಪ ಈಗ ಇಲ್ಲ.

ಕಳೆದ ವರ್ಷ ಮಳೆಗಾಲಕ್ಕೆ ಮೊದಲು, ಸುರಂಗ ತೋಡಿ ಅನುಭವವಿದ್ದ ಹಿರಿಯರೊಬ್ಬರನ್ನು ಕರೆಸಿದೆ. ಅವರು ಮೇಣದಬತ್ತಿ ಹಿಡಿದು ಒಳಹೊಕ್ಕರು. ಬತ್ತಿ ನಂದಿದರೆ ಗಾಳಿ ಇಲ್ಲ ಅಂತ ಅರ್ಥ, ಕೂಡಲೇ ಹೊರಗೆ ಬರಬೇಕು. ಮಣ್ಣು ತೆಗೆದಾಯಿತು. "ಇನ್ನು ನೀರು ಬಂದೀತಾ?" ಅಂತ ಕೇಳಿದೆ.

"ಅದು ನನ್ನ ಕೈಯಲ್ಲಿಲ್ಲ ಮಾಷ್ಟ್ರೇ. ಗುಡ್ಡೆಗೆ ನೀವು ಎಷ್ಟು ಕುಡಿಸುತ್ತೀರಿ?" ಅಂದರು.

ಕೋರ್ಸಿನಲ್ಲಿ ವಾರಗಟ್ಟಲೆ ಕಲಿತದ್ದು ಇಷ್ಟೇ ಅಲ್ಲವೇ ಅನ್ನಿಸಿತು. ಹಾಗಂತ ಕಲಿತದ್ದು ದಂಡವಾಗಲಿಲ್ಲ. ಮೂರು ಕೋಲು, ಒಂದು ದಾರ, ಒಂದು ಕಲ್ಲು ಕಟ್ಟಿ ಮಟ್ಟ ನೋಡುವುದನ್ನು ಅಲ್ಲೇ ಕಲಿತಿದ್ದೆ. ಒಂದು ಶನಿವಾರ ನನ್ನ ತರಗತಿಯ ಮಕ್ಕಳೇ ಬಂದು ಗುಡ್ಡೆಯಲ್ಲಿ ಒಂದೇ ಮಟ್ಟದ ಗೆರೆ ಎಳೆದರು. ಆ ಗೆರೆಯ ಉದ್ದಕ್ಕೂ ಇಂಗುಗುಂಡಿ ತೋಡಿಸಿದೆ. ಬಂದವರಲ್ಲಿ ಸುರಂಗ ಕಂಡಿದ್ದವರು ಮೂರೇ ಜನ.

ಈ ಏಪ್ರಿಲ್‌ನಲ್ಲಿ ಸುರಂಗದಿಂದ ನೂಲಿನಷ್ಟು ನೀರು ಬಂತು. ಒಂದು ಕೊಡಪಾನ ತುಂಬಲು ಮುಕ್ಕಾಲು ಗಂಟೆ. ಬೋರ್‌ವೆಲ್ ಬಿಡುವಷ್ಟು ಏನೂ ಆಗಿಲ್ಲ. ಆದರೆ ನಿಂತಿದ್ದ ನೀರು ಬಂತು.

ನಿಮ್ಮ ಶಾಲೆಯ ಮಕ್ಕಳಿಂದಲೂ ಈ ನಕ್ಷೆ ಬರೆಸಿ. ಮನೆಯ ಹಿರಿಯರನ್ನು ಕೇಳಿಯೇ ಬರೆಯಲಿ. ಅವರು ಇರುವಾಗಲೇ.