ಇಬ್ಬಿಬ್ಬರಾಗಿ ಹೋಗುವವರು

ನಮ್ಮ ಕರಾವಳಿಯಲ್ಲಿ ಕ್ರೈಸ್ತರ ಸೇವಾಕಾರ್ಯವೆಂದೊಡನೆ ಎಲ್ಲರ ಕಣ್ಣ ಮುಂದೆ ಬರುವುದು ದೊಡ್ಡ ದೊಡ್ಡ ಸಂಸ್ಥೆಗಳು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯನ್ನು ಪಾಠದಲ್ಲಿ ನಾನೇ ಎಷ್ಟೋ ತರಗತಿಗಳಿಗೆ ಹೇಳಿದ್ದೇನೆ. ಫಾದರ್ ಮುಲ್ಲರ್ ಅವರು 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧಿ ಕೊಡಲು ತೊಡಗಿದ್ದು ಇಂದು ಎಷ್ಟು ದೊಡ್ಡ ಆಸ್ಪತ್ರೆಯಾಗಿ ನಿಂತಿದೆ ಎಂಬುದು ನಿಮಗೆಲ್ಲ ಗೊತ್ತು. ನಾನು ಇಂದು ಬರೆಯಹೊರಟಿರುವುದು ಇವುಗಳ ಬಗ್ಗೆ ಅಲ್ಲ. ಕಟ್ಟಡವಿಲ್ಲದ, ಫಲಕವಿಲ್ಲದ, ಊರಿನ ಹೆಚ್ಚಿನವರಿಗೆ ಹೆಸರೇ ತಿಳಿಯದ ಒಂದು ಸಣ್ಣ ಕೂಟದ ಬಗ್ಗೆ. ಅದರ ಪೂರ್ಣ ಹೆಸರು ಸಂತ ವಿನ್ಸೆಂಟ್ ದ ಪೌಲ್ ಸೊಸೈಟಿ. ಇಗರ್ಜಿಯವರ ಬಾಯಲ್ಲಿ ಅದು ಬರಿಯ ಎಸ್.ವಿ.ಪಿ.

ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಮಾಡಿದ ಆ ಪೇಟೆಯಲ್ಲಿ ಈ ಕೂಟಕ್ಕೆ ಹತ್ತು ಹನ್ನೆರಡು ಮಂದಿ ಸದಸ್ಯರಿದ್ದರು. ಯಾರೂ ಧನಿಕರಲ್ಲ. ನಮ್ಮ ಬೀದಿಯ ಟೈಲರ್ ಒಬ್ಬರು, ನಿವೃತ್ತ ಅಂಚೆಯವರು, ಬೇಕರಿಯಲ್ಲಿ ಲೆಕ್ಕ ಬರೆಯುವವರು, ಇಬ್ಬರು ಸಣ್ಣ ಹಿಡುವಳಿಯ ಕೃಷಿಕರು, ಹೀಗೆ. ವಾರಕ್ಕೊಮ್ಮೆ ಇಗರ್ಜಿಯ ಹಿಂಬದಿಯ ಕೋಣೆಯಲ್ಲಿ ಸೇರುವುದು, ಪ್ರಾರ್ಥನೆ ಮಾಡುವುದು, ಹಿಂದಿನ ವಾರದ ವರದಿ ಓದುವುದು, ಯಾವ ಮನೆಗೆ ಯಾರು ಹೋಗಬೇಕೆಂದು ನಿಶ್ಚಯಿಸುವುದು. ಒಂಟಿಯಾಗಿ ಯಾರೂ ಹೋಗುವಂತಿಲ್ಲ, ಇಬ್ಬರೇ ಹೋಗಬೇಕು. ನೋಡಿದ್ದನ್ನು ಆ ಕೋಣೆಯ ಹೊರಗೆ ಆಡುವಂತಿಲ್ಲ.

ಸಂತ ವಿನ್ಸೆಂಟರ ಹಬ್ಬ ಸೆಪ್ಟೆಂಬರ್ 27ಕ್ಕೆ. ಒಂದು ವರ್ಷ ಆ ಹಬ್ಬದ ಸಭೆಗೆ, ಮಕ್ಕಳ ವಿದ್ಯಾಭ್ಯಾಸದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದರು. ಭಾಷಣ ಏನು ಮಾಡಿದೆನೋ ಮರೆತಿದೆ. ಮರೆಯದೆ ಉಳಿದಿರುವುದು ಕೊನೆಯಲ್ಲಿ ಕೈಯಿಂದ ಕೈಗೆ ಬಂದ ಒಂದು ಬಟ್ಟೆಯ ಚೀಲ. ಅದರ ಬಾಯಿ ಕಿರಿದು, ಮುಷ್ಟಿ ಹಿಡಿಸುವಷ್ಟು ಮಾತ್ರ. ಪ್ರತಿಯೊಬ್ಬರೂ ಮುಚ್ಚಿದ ಮುಷ್ಟಿಯನ್ನು ಒಳಗೆ ಇಳಿಸಿ, ತೆರೆದು, ಹೊರತೆಗೆಯುತ್ತಿದ್ದರು. ಯಾರು ಎಷ್ಟು ಹಾಕಿದರೆಂದು ಪಕ್ಕದಲ್ಲಿ ಕೂತವರಿಗೂ ತಿಳಿಯದು. ಆ ವಾರ ಕೈಯಲ್ಲಿ ಕಾಸಿಲ್ಲದವನು ಬರಿಗೈಯನ್ನು ಇಳಿಸಿ ತೆಗೆದರೂ ತಿಳಿಯದು. ಕೊಡುವವನ ಮಾನವನ್ನೂ ಹೀಗೆ ಕಾಯಬಹುದೆಂದು ನನಗೆ ಅದುವರೆಗೆ ಹೊಳೆದಿರಲಿಲ್ಲ. ನಮ್ಮಲ್ಲಿ ಫ್ಯಾನಿನ ರೆಕ್ಕೆಯ ಮೇಲೂ ದಾನಿಗಳ ಹೆಸರು ಬರೆಸುವ ಪದ್ಧತಿ ಇದೆಯಷ್ಟೆ!

ಇದರ ಚರಿತ್ರೆಯನ್ನು ಸ್ವಲ್ಪ ಹೇಳುತ್ತೇನೆ. ಮೇಷ್ಟರ ಹಳೆಯ ಚಾಳಿ, ಸಹಿಸಿಕೊಳ್ಳಿ. ವಿನ್ಸೆಂಟ್ ದ ಪೌಲ್ ಫ್ರಾನ್ಸಿನ ಒಂದು ಬಡ ರೈತ ಕುಟುಂಬದಲ್ಲಿ ಹುಟ್ಟಿ ಪಾದ್ರಿಯಾದವರು. 1617ರಲ್ಲಿ ಅವರು ಶಾತಿಯೋಂ ಎಂಬ ಊರಿನ ಇಗರ್ಜಿಯಲ್ಲಿದ್ದಾಗ, ಊರ ಹೊರಗಿನ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೋಡುವವರಿಲ್ಲ ಎಂಬ ಸುದ್ದಿ ಬಂತು. ಆ ದಿನದ ಪ್ರವಚನದಲ್ಲಿ ಅದನ್ನು ಜನರಿಗೆ ತಿಳಿಸಿದರು. ಮಧ್ಯಾಹ್ನ ತಾವೇ ಆ ಮನೆಯತ್ತ ಹೊರಟರೆ ದಾರಿಯುದ್ದಕ್ಕೂ ಜನ, ಕೈತುಂಬ ಆಹಾರ ಪದಾರ್ಥ. ವಿನ್ಸೆಂಟರಿಗೆ ಸಂತೋಷವಾಯಿತು, ಜೊತೆಗೇ ಚಿಂತೆಯೂ ಆಯಿತು. ಇಂದು ತಿಂದು ಮುಗಿಯದಷ್ಟು ಬಂದದ್ದು ಹಳಸಿ ಹೋಗುತ್ತದೆ, ಮುಂದಿನ ವಾರ ಆ ಮನೆಯವರು ಮತ್ತೆ ಉಪವಾಸ. ಆದುದರಿಂದ ಊರಿನ ಕೆಲವು ಹೆಂಗಸರನ್ನು ಸೇರಿಸಿ, ದಿನಕ್ಕೊಬ್ಬರಂತೆ ಸರದಿಯಲ್ಲಿ ಹೋಗುವ ಏರ್ಪಾಡು ಮಾಡಿದರು. ಕನಿಕರ ಒಂದು ಮಧ್ಯಾಹ್ನದ್ದು, ಹಸಿವು ನಿತ್ಯದ್ದು. ನೆರೆ ಬಂದ ವರ್ಷಗಳಲ್ಲಿ ಹಳೆಯ ಬಟ್ಟೆಗಳ ರಾಶಿ ಬಂದು ಬೀಳುವುದನ್ನು ಕಂಡಾಗಲೆಲ್ಲ ನನಗೆ ಈ ಶಾತಿಯೋಂ ನೆನಪಾಗುತ್ತದೆ.

ಆದರೆ ಈ ಸೊಸೈಟಿಯನ್ನು ಸ್ಥಾಪಿಸಿದ್ದು ವಿನ್ಸೆಂಟರಲ್ಲ, ಅವರ ಕಾಲದ ಎರಡು ಶತಮಾನಗಳ ಬಳಿಕ ಒಬ್ಬ ಕಾಲೇಜು ಹುಡುಗ. ಫ್ರೆಡರಿಕ್ ಓಝನಾಮ್ ಪ್ಯಾರಿಸಿನಲ್ಲಿ ಕಾನೂನು ಓದುತ್ತಿದ್ದ. ಗೆಳೆಯರು ಕೂಡಿ ಇತಿಹಾಸ, ಧರ್ಮ ಎಂದು ಚರ್ಚಾಕೂಟ ನಡೆಸುತ್ತಿದ್ದರು. ಕ್ರೈಸ್ತ ಧರ್ಮ ಹಿಂದೆ ಮಾಡಿದ ಉಪಕಾರದ ಮಾತು ಸಾಕು, ಈಗ ನೀವೇನು ಮಾಡುತ್ತಿದ್ದೀರಿ ಎಂದು ಎದುರಾಳಿಗಳು ಕೇಳಿದರು. ಹಿಂದಿನ ವರ್ಷವಷ್ಟೇ, ಅಂದರೆ 1832ರಲ್ಲಿ, ಪ್ಯಾರಿಸಿನಲ್ಲಿ ಕಾಲರಾ ಬಂದು ಜನ ಸಾವಿರಾರು ಸಂಖ್ಯೆಯಲ್ಲಿ ಸತ್ತಿದ್ದರು. ಪ್ರಶ್ನೆ ಚುಚ್ಚಿತು. 1833ರ ಏಪ್ರಿಲ್ 23ರಂದು, ಓಝನಾಮನಿಗೆ ಇಪ್ಪತ್ತು ತುಂಬಿದ ದಿನ, ಕೆಲವೇ ಗೆಳೆಯರು ಎಮ್ಯಾನ್ಯುಯೆಲ್ ಬೈಯಿ ಎಂಬ ಹಿರಿಯ ಪತ್ರಕರ್ತರೊಡನೆ ಸೇರಿದರು. ಬಡವರ ಮನೆಗೆ ಹೇಗೆ ಹೋಗಬೇಕು, ಏನು ಮಾತಾಡಬೇಕೆಂದು ಈ ಹುಡುಗರಿಗೆ ತಿಳಿಯದು. ಅದನ್ನು ಕಲಿಸಿದವರು ಮುಫ್ತಾರ್ ಬೀದಿಯ ಆಸುಪಾಸಿನ ಬಡವರ ನಡುವೆ ದುಡಿಯುತ್ತಿದ್ದ ಸಿಸ್ಟರ್ ರೋಸಲಿ ರಾಂಡ್ಯೂ. ಮನೆಗಳ ಪಟ್ಟಿಯನ್ನೂ, ರೊಟ್ಟಿ ಮತ್ತು ಸೌದೆಗಾಗಿ ಕೊಡಬೇಕಾದ ಚೀಟಿಗಳನ್ನೂ ಅವರೇ ಮೊದಲಿಗೆ ಕೊಟ್ಟರು. ಓಝನಾಮ್ ಮುಂದೆ ಸೋರ್ಬೋನಿನಲ್ಲಿ ಪ್ರಾಧ್ಯಾಪಕನಾದ. ನಲವತ್ತರ ವಯಸ್ಸಿನಲ್ಲಿ, 1853ರ ಸೆಪ್ಟೆಂಬರ್ 8ರಂದು, ನಮ್ಮ ಕ್ರೈಸ್ತರು ಮನೆಗೆ ತೆನೆ ತರುವ ಮೊಂತಿ ಹಬ್ಬದ ದಿನ, ತೀರಿಕೊಂಡ. ಸೊಸೈಟಿ ಭಾರತಕ್ಕೆ 1863ರಲ್ಲಿ ಮುಂಬಯಿಯ ಮೂಲಕ ಬಂತು. ಇಂದಿಗೂ ಪ್ರತಿ ಇಗರ್ಜಿಯ ಘಟಕಕ್ಕೆ 'ಕಾನ್ಫರೆನ್ಸ್' ಎಂದೇ ಹೆಸರು, ಆ ಹುಡುಗರ ಚರ್ಚಾಕೂಟದ ಉಳಿಕೆ ಅದು.

ಇನ್ನು ನಾನು ಕಣ್ಣಾರೆ ಕಂಡ ಒಂದು ಮನೆಯ ಸಂಗತಿ. 1983ರ ಆಟಿ ತಿಂಗಳು. ಆಟಿಯೆಂದರೆ ಏನೆಂದು ಘಟ್ಟದ ಮೇಲಿನ ನೆಂಟರಿಗೆ ಹೇಳಬೇಕು: ಜುಲೈ ಆಗಸ್ಟಿನ ಬಿಡದ ಮಳೆ, ಕೂಲಿಯವರಿಗೆ ಕೆಲಸವಿಲ್ಲ, ಹಳೆಯ ಅಕ್ಕಿ ಮುಗಿದಿರುತ್ತದೆ, ಹೊಸತು ಬಂದಿರುವುದಿಲ್ಲ. ನನ್ನ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಶಾಲೆಗೆ ಬರುವುದು ನಿಂತಿತು. ಲೆಕ್ಕದಲ್ಲಿ ಚುರುಕು, ಮಾತು ಕಡಿಮೆ. ತಂದೆ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ. ತಾಯಿ ಬೀಡಿ ಕಟ್ಟುತ್ತಿದ್ದಳು. ದಿನಕ್ಕೆ ಸಾವಿರ ಬೀಡಿ ಕಟ್ಟಿದರೆ ಮನೆ ನಡೆದೀತು, ಆದರೆ ಮಲಗಿದವನ ಆರೈಕೆ ಮಾಡಿಕೊಂಡು ಒಬ್ಬಳಿಂದ ಆರುನೂರಕ್ಕಿಂತ ಹೆಚ್ಚು ಆಗುವುದಿಲ್ಲ. ಉಳಿದ ನಾನೂರಕ್ಕೆ ಮಗಳು ಕೂತಿದ್ದಳು. ಪ್ರಾಥಮಿಕ ಶಾಲೆಯಲ್ಲಾದರೆ ಮಧ್ಯಾಹ್ನ ಗೋಧಿನುಚ್ಚಿನ ಉಪ್ಪಿಟ್ಟಾದರೂ ಇತ್ತು. ಹೈಸ್ಕೂಲಿಗೆ ಅದೂ ಇರಲಿಲ್ಲ.

ಟೈಲರು ಮತ್ತು ಅಂಚೆಯವರು ಆ ಮನೆಗೆ ಹೋದರು. ಅದು ಹಿಂದೂ ಮನೆ. ಯಾರು ತಿಳಿಸಿದರೋ ನನಗೆ ಗೊತ್ತಿಲ್ಲ, ಕೇಳಿದರೂ ಅವರು ಹೇಳುವವರಲ್ಲ. ಮೊದಲ ಸಲ ಏನನ್ನೂ ಒಯ್ಯದೆ ಹೋಗಿ, ಮಲಗಿದವನ ಹತ್ತಿರ ಚಾಪೆಯಲ್ಲಿ ಕೂತು, ಯಾವ ತೋಟದ ಮರಗಳು ಎಷ್ಟು ಎತ್ತರ ಎಂದು ಮಾತಾಡಿ ಬಂದರಂತೆ. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ಹೋದಾಗ ನಾನೂರು ಬೀಡಿಯ ಲೆಕ್ಕ ಅವರಿಗೆ ತಿಳಿಯಿತು. ಟೈಲರು ಆ ವಿಷಯ ಕೇಳಲೆಂದೇ ಒಂದು ರಾತ್ರಿ ನನ್ನ ಮನೆಗೆ ಬಂದರು: "ಮಾಸ್ಟ್ರೇ, ಆ ಹುಡುಗಿ ಪಾಸಾಗುವವಳಾ? ನಿಜ ಹೇಳಿ." ಪಾಸಾಗುತ್ತಾಳೆ, ಸಂಜೆ ಪಾಠ ನಾನು ಹೇಳಿಕೊಡುತ್ತೇನೆ ಎಂದೆ. ಮುಂದಿನ ವಾರದಿಂದ ನಾನೂರು ಬೀಡಿಯ ಮಜೂರಿಗೆ ಸಮನಾದ ಕುಚ್ಚಲಕ್ಕಿ ಮತ್ತು ಸಾಮಾನಿಗೆ ದಿನಸಿ ಅಂಗಡಿಯ ಚೀಟಿ ಆ ಮನೆಗೆ ಹೋಗತೊಡಗಿತು, ಪರೀಕ್ಷೆ ಮುಗಿಯುವವರೆಗೆ ಎಂದು ಅವಧಿ ಗೊತ್ತುಮಾಡಿ.

ತಾಯಿ ಸುಲಭಕ್ಕೆ ಒಪ್ಪಲಿಲ್ಲ. ಧರ್ಮಕ್ಕೆ ಬೇಡ ಎಂದಳು. ಕೊನೆಗೆ, ಹಿತ್ತಿಲ ಚಪ್ಪರದ ಬಸಳೆಯನ್ನು ವಾರವಾರ ಒಂದು ಕಟ್ಟು ಒಯ್ಯಬೇಕೆಂಬ ಷರತ್ತಿನ ಮೇಲೆ ಒಪ್ಪಿದಳು. ಅವರೂ ಮರುಮಾತಿಲ್ಲದೆ ಒಯ್ದರು. ಟೈಲರ ಮನೆಯಲ್ಲಿ ಆ ವರ್ಷ ಬಸಳೆ ತಿಂದು ತಿಂದು ಬೇಸರ ಬಂದಿರಬೇಕು. ನಾನು ಒಮ್ಮೆ ಹೋದಾಗ ಆಕೆ ಹೇಳಿದ್ದು ಹೀಗೆ: "ಅಕ್ಕಿ ಯಾರಾದರೂ ಕೊಟ್ಟಾರು ಮಾಸ್ಟ್ರೇ. ಇವರು ಬಂದರೆ ಒಳಗೆ ಕೂತುಕೊಳ್ಳುತ್ತಾರೆ. ನಮ್ಮ ನೆಂಟರೇ ಅಂಗಳದಲ್ಲಿ ನಿಂತು ಮಾತಾಡಿ ಹೋಗುತ್ತಾರೆ."

ಅದೇ ವರ್ಷ ಒಂದು ಸಂಘದವರು, ಹೆಸರು ಬೇಡ, ನಮ್ಮ ಶಾಲೆಯ ಬಡ ಮಕ್ಕಳಿಗೆ ಪುಸ್ತಕ ಕೊಡಲು ಬಂದಿದ್ದರು. ವೇದಿಕೆ, ಮೈಕು, ಹಾರ. ಒಂದೊಂದೇ ಹೆಸರು ಕೂಗಿ ಮಕ್ಕಳನ್ನು ಮೇಲೆ ಕರೆದು ಫೋಟೋ ತೆಗೆಸಿದರು. ಒಬ್ಬ ಹುಡುಗ ಹೆಸರು ಕೂಗಿದರೂ ಏಳಲಿಲ್ಲ. ತಲೆ ತಗ್ಗಿಸಿ ಕೂತೇ ಇದ್ದ. ಪುಸ್ತಕ ಅವನಿಗೆ ಬೇಕಿತ್ತು.

ಮತಾಂತರದ ಮಾತನ್ನು ಬಿಟ್ಟು ಇದನ್ನು ಬರೆದರೆ ಪ್ರಾಮಾಣಿಕವಾಗದು. ಇಂದು ಅಕ್ಕಿ, ನಾಳೆ ಶಿಲುಬೆ ಎಂದು ನಮ್ಮ ಸ್ಟಾಫ್ ರೂಮಿನಲ್ಲೇ ಒಬ್ಬರು ಅಂದದ್ದುಂಟು. ಬೇರೆಡೆ ಏನೇನು ನಡೆದಿದೆಯೋ ಅದಕ್ಕೆ ನಾನು ಸಾಕ್ಷಿಯಲ್ಲ. ಆ ಮನೆಗೆ ಮಾತ್ರ ಸಾಕ್ಷಿ. ಗೋಡೆಯ ಮೇಲಿದ್ದ ಸುಬ್ರಹ್ಮಣ್ಯ ದೇವರ ಪಟ ಅಲ್ಲೇ ಇತ್ತು, ಅದರ ಕೆಳಗೇ ಅವರಿಬ್ಬರೂ ಕೂರುತ್ತಿದ್ದುದು. ಇಗರ್ಜಿಗೆ ಬನ್ನಿ ಎಂಬ ಮಾತು ಆ ಒಂಬತ್ತು ತಿಂಗಳಲ್ಲಿ ಒಮ್ಮೆಯೂ ಬರಲಿಲ್ಲವೆಂದು ತಾಯಿಯೇ ಹೇಳಿದ್ದಳು.

ನನ್ನ ಆಕ್ಷೇಪ ಬೇರೆಯದು. ನಾನೂರು ಬೀಡಿಯ ಕೊರತೆ ತುಂಬಿದರು, ಸರಿ. ಸಾವಿರ ಬೀಡಿಗೆ ಅಷ್ಟು ಕಡಿಮೆ ಮಜೂರಿ ಏಕೆ ಎಂದು ಆ ಕೋಣೆಯಲ್ಲಿ ಯಾರೂ ಕೇಳಿದ್ದನ್ನು ನಾನು ಕಾಣೆ. ಅದನ್ನು ಕೇಳಿದವರು ಕೆಂಪು ಬಾವುಟದ ಸಂಘದವರು. ಬೀಡಿ ಕೆಲಸಗಾರರಿಗೆ 1966ರ ಕಾನೂನು, 1976ರ ಕಲ್ಯಾಣ ನಿಧಿ ಬಂದದ್ದು ಚೀಟಿಯಿಂದಲ್ಲ. ಈ ಮಾತನ್ನು ಟೈಲರಿಗೆ ಹೇಳಿದ್ದೆ. ಅವರು ಸೂಜಿಗೆ ನೂಲು ಪೋಣಿಸುತ್ತ, "ಅದು ಆಗಲೇಬೇಕು ಮಾಸ್ಟ್ರೇ. ಆದರೆ ಪರೀಕ್ಷೆ ಮಾರ್ಚಿಗೆ ಉಂಟಲ್ಲ?" ಎಂದರು. ಓಝನಾಮ್ ಕೂಡ ದಾನವೊಂದೇ ಸಾಲದು, ನ್ಯಾಯವೂ ಬೇಕು ಎಂದು ನಂಬಿದ್ದವನೆಂದು ಆಮೇಲೆ ಓದಿ ತಿಳಿದೆ.

ಹುಡುಗಿ 1984ರಲ್ಲಿ ಪಾಸಾದಳು, ಮುಂದೆ ಅಂಗನವಾಡಿ ಕಾರ್ಯಕರ್ತೆಯಾದಳು. ಇದನ್ನು ಬರೆಯಲು ಆಕೆಯನ್ನು ಕೇಳಿದೆ. ಹೆಸರು ಹಾಕಿದರೂ ಅಡ್ಡಿಯಿಲ್ಲ ಸರ್ ಎಂದಳು. ನಾನೇ ಹಾಕಲಿಲ್ಲ. ಟೈಲರ ಮಗ ಅವಳದೇ ತರಗತಿಯಲ್ಲಿದ್ದ. ಅದೇ ಬೆಂಚುಸಾಲು, ಅದೇ ಗುಂಪು ಫೋಟೋ. ಅವನಿಗೆ ಈ ವಿಷಯ ತಿಳಿದದ್ದು ತಂದೆಯ ಶವಸಂಸ್ಕಾರದ ದಿನ, ಆಕೆ ಬಂದು ಅಳುತ್ತ ಹೇಳಿದಾಗ. ನಡುವೆ ಇಪ್ಪತ್ತೆಂಟು ವರ್ಷಗಳು ಕಳೆದಿದ್ದವು.

ಈಗ ಕಾಲ ಬದಲಾಗಿದೆ. 2002-03ರಿಂದೀಚೆಗೆ ಶಾಲೆಗಳಲ್ಲಿ ಬಿಸಿಯೂಟ ಬಂತು, 2013ರಿಂದ ಅನ್ನಭಾಗ್ಯದ ಅಕ್ಕಿ ಬಂತು. ಆಟಿಯ ಹಸಿವು ಮೊದಲಿನಂತಿಲ್ಲ, ಒಳ್ಳೆಯದೇ ಆಯಿತು. ಕೂಟದಲ್ಲಿ ಈಗ ಏಳೆಂಟು ಮಂದಿ, ಹೆಚ್ಚಿನವರು ಹೆಂಗಸರು, ಬಹುತೇಕ ಅರುವತ್ತು ದಾಟಿದವರು. ಹುಡುಗರು ಕುವೈತ್, ದುಬೈ ಸೇರಿದ್ದಾರೆ. ಕಳೆದ ವಾರ ಅಧ್ಯಕ್ಷೆ ಬಾಯಮ್ಮ ದಾರಿಯಲ್ಲಿ ಸಿಕ್ಕಿ, ಈಗ ಅಕ್ಕಿ ಬೇಡುವವರು ಕಡಿಮೆ, ಡಯಾಲಿಸಿಸಿಗೆ ವಾರಕ್ಕೆರಡು ಸಲ ಹೋಗುವವರಿಗೆ ರಿಕ್ಷಾ ಬಾಡಿಗೆಯೇ ದೊಡ್ಡ ತೊಂದರೆ ಎಂದರು. ಒಂದು ದೊಡ್ಡ ತಾರಸಿ ಮನೆಗೂ ಹೋಗುತ್ತಾರಂತೆ. ಮಕ್ಕಳು ಹಣ ಕಳಿಸುತ್ತಾರೆ, ಅಜ್ಜಿಗೆ ಕಣ್ಣು ಮಂಜು. ಶನಿವಾರ ಸಂಜೆ ಇಬ್ಬರು ಹೋಗಿ ವಾರದ ಮಾತ್ರೆಗಳನ್ನು ಬೆಳಿಗ್ಗೆಯದು, ರಾತ್ರಿಯದು ಎಂದು ಬೇರೆ ಬೇರೆ ಡಬ್ಬಿಗೆ ಹಾಕಿಟ್ಟು, ಅವಳು ಮಾಡಿಕೊಟ್ಟ ಚಹಾ ಕುಡಿದು ಬರುತ್ತಾರೆ. ಚಹಾಕ್ಕೆ ಸಕ್ಕರೆ ಬಹಳ ಹಾಕುತ್ತಾಳೆ, ನನಗೆ ಸಕ್ಕರೆ ಕಾಯಿಲೆ ಮಾಸ್ಟ್ರೇ, ಆದರೂ ಕುಡಿಯುತ್ತೇನೆ ಎಂದು ನಕ್ಕರು.