ಧಾರವಾಡದ ಕಸೂತಿ

ಧಾರವಾಡಕ್ಕೆ ಹೋದವರು ಪೇಡೆಯ ಪೊಟ್ಟಣವಿಲ್ಲದೆ ಹಿಂದಿರುಗುವುದು ವಿರಳ. ಆ ಸಂಪ್ರದಾಯವನ್ನು ನಾವೂ ಮುರಿಯಲಿಲ್ಲ. ಆದರೆ ಈ ಸಲ ನಮ್ಮನ್ನು ಅಲ್ಲಿಗೆ ಕರೆದೊಯ್ದುದು ಪೇಡೆಯಲ್ಲ, ಸೂಜಿದಾರ. ಮೈಸೂರು ಸೀಮೆಯಲ್ಲಿ ಬಟ್ಟೆಯ ಮೇಲೆ ಸೂಜಿಯಿಂದ ತೆಗೆದ ಯಾವ ಹೂಬಳ್ಳಿಯನ್ನಾದರೂ ಕಸೂತಿಯೆಂದು ಕರೆದುಬಿಡುವೆವು. ಧಾರವಾಡ, ಹುಬ್ಬಳ್ಳಿ, ವಿಜಯಪುರ, ಬೆಳಗಾವಿಗಳ ಕಡೆಗೆ ಆ ಹೆಸರಿಗೆ ಹೆಚ್ಚಿನ ಬಿಗಿಯುಂಟು. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಿಂದ, ಬಟ್ಟೆಯ ಎಳೆಗಳನ್ನು ಎಣಿಸಿಯೇ ತೆಗೆದುದು ಅಲ್ಲಿ ಕಸೂತಿ. ಮೊದಲು ಚಿತ್ರ ಬರೆದುಕೊಂಡು ಅದರ ಮೇಲೆ ಹೊಲಿಯುವುದನ್ನು ಅಲ್ಲಿಯ ಹಿರಿಯರು ಒಪ್ಪರು.

ಹಳೆಯ ಓಣಿಯೊಂದರ ಮನೆಯಲ್ಲಿ, ಎಪ್ಪತ್ತು ದಾಟಿದ ತಾಯಿಯೊಬ್ಬರು ತಮ್ಮ ಮದುವೆಯ ಚಂದ್ರಕಾಳಿ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ನಮ್ಮ ಮುಂದೆ ಹಾಸಿದರು. ಇಲಕಲ್ಲಿನ ಮಗ್ಗದ ಕರಿಯ ಸೀರೆ, ಕೆಂಪು ಸೆರಗು. ಸೆರಗಿನ ಬಳಿಯಲ್ಲಿ ಗೋಪುರ, ತೇರು, ಅಂಬಾರಿ ಹೊತ್ತ ಆನೆ, ತುಳಸಿಕಟ್ಟೆ. ಒಡಲಿನ ಕಡೆಗೆ ಸರಿದಂತೆ ಗಿಳಿ, ನವಿಲು, ಕೊನೆಗೆ ಬರಿಯ ಚಿಕ್ಕೆಗಳು. ನಾವು ಅದರ ಸೊಬಗನ್ನು ಹೊಗಳುತ್ತಿರಲು ಅವರು ನಕ್ಕು, “ಮ್ಯಾಲ ಏನ್ ನೋಡ್ತೀರಿ ತಂಗಿ, ಒಳಮಗ್ಗಲ ತಿರುವಿ ನೋಡ್ರಿ” ಎಂದರು. ತಿರುವಿದೆವು. ಗೋಪುರವು ಅಲ್ಲಿಯೂ ಹಾಗೆಯೇ ನಿಂತಿದ್ದಿತು! ಗಂಟಾಗಲಿ, ಜೋಲುವ ದಾರವಾಗಲಿ ಎಲ್ಲಿಯೂ ಕಾಣಲಿಲ್ಲ.

ಇದು ಗವಂತಿಯ ಗುಣ. ಗಂಟು ಎಂಬ ಮಾತಿನಿಂದಲೇ ಈ ಹೆಸರು ಬಂದಿತೆಂದು ಹೇಳುವರು. ಗಂಟೇ ಇಲ್ಲದ ಹೊಲಿಗೆಗೆ ಅದು ಹೇಗೆ ಅಂಟಿಕೊಂಡಿತೋ! ನಾಲ್ಕು ಎಳೆಗಳ ಮೇಲೆ ದಾರವನ್ನು ಹಾಯಿಸಿ, ಮುಂದಿನ ನಾಲ್ಕರ ಕೆಳಗೆ ನುಸುಳಿಸಿ, ಹೀಗೆ ಗೆರೆಯ ಕೊನೆಯವರೆಗೆ ಹೋಗತಕ್ಕದ್ದು. ಬಳಿಕ ಅದೇ ದಾರಿಯಿಂದ ಹಿಂದಿರುಗುತ್ತ, ಬಿಟ್ಟ ಎಡೆಗಳನ್ನು ತುಂಬತಕ್ಕದ್ದು. ಪ್ರತಿಯೊಂದು ಹೆಜ್ಜೆಯನ್ನೂ ದಾರವು ಎರಡು ಸಲ ತುಳಿಯುವುದು, ಒಮ್ಮೆ ಮೇಲೆ, ಒಮ್ಮೆ ಕೆಳಗೆ. ನೇರವಾದ ಗೆರೆಗೆ ಇದು ಸುಲಭ. ಆದರೆ ಗೋಪುರಕ್ಕೆ ಕಳಸವುಂಟು, ಬಾಗಿಲುಂಟು, ಅಂತಸ್ತುಗಳುಂಟು. ಕವಲು ಬಂದಲ್ಲಿ ಅದರ ತುದಿಯವರೆಗೆ ಹೋಗಿ, ಮರಳಿ ಬಂದು, ಮುಂದೆ ಸಾಗಬೇಕು. ಯಾವ ಕವಲನ್ನು ಹೋಗುವಾಗ ಹಿಡಿಯಬೇಕು, ಯಾವುದನ್ನು ಬರುವಾಗ ಹಿಡಿಯಬೇಕು ಎಂಬುದು ಮೊದಲೇ ಮನಸ್ಸಿನಲ್ಲಿ ಇಲ್ಲದಿದ್ದರೆ ದಾರವು ನಡುದಾರಿಯಲ್ಲಿ ಸಿಕ್ಕಿಬೀಳುವುದು.

ಇಲ್ಲಿಯೇ ನಮಗೊಂದು ಚಿಂತೆ ಹುಟ್ಟಿತು. ಮುಗಿದ ಕೆಲಸದಲ್ಲಿ ಚಿತ್ರವು ಕಾಣುವುದೇ ಹೊರತು, ದಾರವು ನಡೆದ ದಾರಿ ಕಾಣದು. ಸೀರೆಯು ಪೆಟ್ಟಿಗೆಯಲ್ಲಿ ಉಳಿಯಬಹುದು. ದಾರಿಯು ಆ ತಾಯಿಯವರ ನೆನಪಿನಲ್ಲಿ ಮಾತ್ರವಿದೆ. ಅವರ ಕಣ್ಣಿಗೆ ಈಗ ಕರಿಯ ಬಟ್ಟೆಯ ಎಳೆಗಳು ತೋರವು, ಹೆಣ್ಣುಮಕ್ಕಳಿಬ್ಬರೂ ಕಲಿತವರಲ್ಲ. ನಾವು ಚೌಕುಳಿಯ ಕಾಗದವನ್ನು ತರಿಸಿ, ಅವರು ಹೇಳಿದಂತೆ ಗೋಪುರದ ಹೆಜ್ಜೆಗಳಿಗೆ ಅಂಕೆಯಿಟ್ಟು ಬರೆದುಕೊಂಡೆವು. ಒಂದು ಗೋಪುರಕ್ಕೆ ಮಧ್ಯಾಹ್ನವೆಲ್ಲ ಹಿಡಿಯಿತು. ತೇರನ್ನು ಮುಟ್ಟಲು ಹೊತ್ತು ಸಾಲಲಿಲ್ಲ.

ಉಳಿದ ಮೂರನ್ನು ಬೇಗನೆ ಹೇಳಬಹುದು. ಮುರ್ಗಿಯು ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುವ ಗವಂತಿಯೇ. ಇದೂ ಎರಡು ಮಗ್ಗುಲಿಗೂ ಒಂದೇ. ನೇಗಿಯು ನೇಯ್ಗೆಯಂತೆ ಕಾಣುವ ಉದ್ದಗಿಡ್ಡ ಹೊಲಿಗೆ. ಮೇಲೆ ದಾರವಿದ್ದಲ್ಲಿ ಹಿಂದೆ ಬಯಲು. ಮೆಂತಿಯು ಮೆಂತ್ಯದ ಕಾಳಿನಂತೆ ತೋರುವ ಅಡ್ಡಕತ್ತರಿ ಹೊಲಿಗೆ; ತುಂಬಿದಂತೆ ಕಾಣುವುದು, ದಾರವನ್ನೂ ತಿನ್ನುವುದು.

ಕಸೂತಿಗೆ 2006ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಆದರೂ ಯಂತ್ರದಲ್ಲಿ ತೆಗೆದ, ಅಚ್ಚೊತ್ತಿದ ಗೋಪುರಗಳು ಪೇಟೆಯಲ್ಲಿ ಅದೇ ಹೆಸರಿನಿಂದ ಮಾರಾಟವಾಗುತ್ತಿವೆ. ಸೀರೆಯ ತುಂಬ ಕೈಕೆಲಸಕ್ಕೆ ತಿಂಗಳುಗಟ್ಟಲೆ ಹಿಡಿಯುವಾಗ, ಆಕೆ ಕೇಳುವ ಬೆಲೆಯನ್ನು ಯಂತ್ರದ ಬೆಲೆಯೊಡನೆ ತೂಗುವುದು ನ್ಯಾಯವಲ್ಲ. ಕೊಳ್ಳುವಾಗ ಹಿಂಬದಿಯನ್ನು ನೋಡಿದರೆ ಸಾಕು; ಯಂತ್ರದ ಅಡಿದಾರವು ತಾನಾಗಿಯೇ ಗುಟ್ಟು ಬಿಡುವುದು. ಎಳೆ ಎಣಿಸಲಾಗದ ನುಣುಪು ರೇಷ್ಮೆಯ ಮೇಲೆ ಜಾಳಾದ ಬಟ್ಟೆಯನ್ನು ಟಾಕಿ, ಅದರ ಕಣ್ಣುಗಳನ್ನೆಣಿಸಿ ಹೊಲಿದು, ಕೊನೆಗೆ ಆ ಜಾಳಿನ ಎಳೆಗಳನ್ನು ಒಂದೊಂದಾಗಿ ಕಿತ್ತುಬಿಡುವ ಉಪಾಯವೂ ಉಂಟು. ಇದನ್ನು ನಾವು ಮೋಸವೆನ್ನಲಾರೆವು. ಎಣಿಕೆಯು ಎಣಿಕೆಯೇ.

ಮನೆಯಲ್ಲಿ ಕಲಿಯಬಯಸುವ ಸೋದರಿಯರು ಸೀರೆಗೆ ಕೈಹಾಕಬಾರದು. ಎಳೆಗಳು ದಪ್ಪನಾಗಿ, ಬಿಡಿಬಿಡಿಯಾಗಿ ಕಾಣುವ ದೋಸೂತಿ ಬಟ್ಟೆ ಒಂದು ಗೇಣು, ಮೊಂಡು ಮೊನೆಯ ಸೂಜಿ, ಒಂದೇ ಬಣ್ಣದ ದಾರ ಇವಿಷ್ಟೇ ಸಾಕು. ಮೊದಲು ನೇರ ಗೆರೆ, ಆಮೇಲೆ ಬಾಚಣಿಗೆಯ ಹಲ್ಲುಗಳಂತೆ ಕವಲೊಡೆದ ಗೆರೆ, ಅದು ಒಲಿದ ಮೇಲೆ ಎಂಟೆಸಳಿನ ಹೂ. ಗಂಟಿಗೆ ಬದಲಾಗಿ ಬೆರಳುದ್ದ ದಾರವನ್ನು ಬಿಟ್ಟು, ಕೊನೆಯಲ್ಲಿ ಅದನ್ನು ಹೊಲಿಗೆಗಳ ಅಡಿಯಲ್ಲಿ ನುಸುಳಿಸಬೇಕು. ಕೈವಸ್ತ್ರ, ಪರದೆ, ಸೆರಗುಗಳಂತೆ ಎರಡು ಮಗ್ಗುಲೂ ಕಣ್ಣಿಗೆ ಬೀಳುವ ಬಟ್ಟೆಗೆ ಗವಂತಿ, ಮುರ್ಗಿಗಳೇ ತಕ್ಕವು. ದಿಂಬಿನ ಗವಸಣಿಗೆ, ಒಳಪದರವಿರುವ ಕೈಚೀಲಕ್ಕೆ ನೇಗಿ, ಮೆಂತಿಗಳಾದರೂ ಸರಿಯೆ. ಅಲ್ಲಿ ಹಿಂಬದಿಯನ್ನು ಯಾರು ನೋಡುವರು? ಕೆಂಪು ದಾರವನ್ನಂತೂ ಒದ್ದೆಮಾಡಿ, ಬಿಳಿಯ ಬಟ್ಟೆಯಲ್ಲಿ ಒತ್ತಿ ನೋಡದೆ ಸೂಜಿಗೆ ಪೋಣಿಸಕೂಡದು.